ಕೋಲ್ಕತ್ತ ಡರ್ಬಿ
ಮೋಹನ್ ಬಾಗಾನ್ (ಸ್ಥಾಪನೆ 1889) ಮತ್ತು ಈಸ್ಟ್ ಬೆಂಗಾಲ್ (1920) ಫುಟ್‌ಬಾಲ್ ಕ್ಲಬ್‌ಗಳ ನಡುವಿನ ಪೈಪೋಟಿ. ಪಶ್ಚಿಮ ಬಂಗಾಳದ ‘ಘೋಟಿ’ಗಳು ಮೊದಲನೆಯದನ್ನು, ಪೂರ್ವ ಬಂಗಾಳದಿಂದ ಬಂದ ‘ಬಾಂಗಾಲ’ರು ಎರಡನೆಯದನ್ನು ತಮ್ಮದೆಂದು ಬಗೆದರು. ದೇಶವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗೆ ಈಸ್ಟ್ ಬೆಂಗಾಲ್‌ನ ಕೆಂಪು-ಹಳದಿ ಅಂಗಿ ತಲೆಯೆತ್ತಿ ನಿಲ್ಲುವ ಧೈರ್ಯ ಕೊಟ್ಟಿತು. ಈ ಹಗೆಯ ಕಾವನ್ನು ಬರೀ ಗೋಲುಗಳ ಲೆಕ್ಕದಲ್ಲಿ ಅಳೆಯಲಾಗದು. ಬಾಗಾನ್ ಗೆದ್ದರೆ ಅಭಿಮಾನಿಯ ಅಡುಗೆಮನೆಗೆ ಸೀಗಡಿ, ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು. 1949ರಿಂದ ಈಸ್ಟ್ ಬೆಂಗಾಲ್‌ನ ಮುಂಚೂಣಿಯಲ್ಲಿ ಮೆರೆದ ‘ಪಂಚ ಪಾಂಡವ’ರಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೆರಡರ ಪಂದ್ಯದ ವೇಳೆ ನಡೆದ ಹೊಡೆದಾಟ, ನೂಕುನುಗ್ಗಲಿಗೆ 16 ಅಭಿಮಾನಿಗಳು ಬಲಿಯಾದರು. ಇದು ಈ ಪೈಪೋಟಿಗೆ ಅಂಟಿದ ಅಳಿಸಲಾಗದ ಕಳಂಕ. 1997ರ ಫೆಡರೇಷನ್ ಕಪ್ ಸೆಮಿಫೈನಲ್‌ಗೆ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಸುಮಾರು 1.31 ಲಕ್ಷ ಜನ ಸೇರಿದ್ದರು. ಭೈಚುಂಗ್ ಭುಟಿಯಾ ಅವರ ಹ್ಯಾಟ್ರಿಕ್‌ನಿಂದ ಈಸ್ಟ್ ಬೆಂಗಾಲ್ 4-1ರಿಂದ ಗೆದ್ದಿತು.