ಬಂದವರಿಗೆ ರೊಟ್ಟಿ

ತಿರ್ಲಾಪುರದಿಂದ ಕಾಲೇಜು ಕಲಿಯಲೆಂದು ನಾನು ಧಾರವಾಡಕ್ಕೆ ಬಂದಾಗ, ವಸತಿಗೃಹದಲ್ಲಿ ನನ್ನ ಪಕ್ಕದ ಹಾಸಿಗೆ ಬೆಟಗೇರಿ ಕಡೆಯ ಒಬ್ಬ ಕ್ರೈಸ್ತ ಹುಡುಗನದು. ಒಂದು ದಿನ ಊಟದ ಹೊತ್ತಿನಲ್ಲಿ, ಊರ ಹಿರಿಯರ ಬಾಯಿಂದ ಕೇಳಿದ್ದ ಮಾತೊಂದನ್ನು ನಗೆಯಾಡುತ್ತ ಆಡಿಬಿಟ್ಟೆ: 'ನಿಮ್ಮ ಹಿರಿಯರು ರೊಟ್ಟಿ ಸಲುವಾಗಿ ಜಾತಿ ಬಿಟ್ಟವರಲ್ಲೇನೋ?' ಅವನು ಉತ್ತರ ಕೊಡಲಿಲ್ಲ. ತಾಟು ಎತ್ತಿಕೊಂಡು ಎದ್ದುಹೋದ. ಆ ಮಾತು ಎಷ್ಟು ತಪ್ಪೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು.

ಹೊಸಬರನ್ನು ಒಳಗೆ ಕರೆದುಕೊಳ್ಳುವ ಸಮಾಜ ಅದಕ್ಕಾಗಿ ಹಣವನ್ನೂ ಖರ್ಚು ಮಾಡಬೇಕೇ ಎಂಬ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಯೆಹೂದ್ಯರಲ್ಲಿ ಅನ್ಯಮತೀಯರೊಡನೆ ಮದುವೆಗಳು ಹೆಚ್ಚಿದಾಗ, ಅಂಥ ಕುಟುಂಬಗಳಿಗೆ ಬಾಗಿಲು ತೆರೆಯಬೇಕೆಂದು ಧರ್ಮಗುರು ಅಲೆಕ್ಸಾಂಡರ್ ಷಿಂಡ್ಲರ್ 1978ರಲ್ಲಿ ಕರೆಕೊಟ್ಟರು. ತಂದೆ ಮಾತ್ರ ಯೆಹೂದ್ಯನಾಗಿದ್ದು ಆ ಸಂಸ್ಕಾರದಲ್ಲಿ ಬೆಳೆದ ಮಗುವೂ ತಮ್ಮದೇ ಎಂದು ಅಲ್ಲಿಯ ಸುಧಾರಣಾ ಪಂಥ 1983ರಲ್ಲಿ ಒಪ್ಪಿತು. 1999ರಿಂದ ದಾನಿಗಳೂ ಇಸ್ರೇಲ್ ಸರಕಾರವೂ ವೆಚ್ಚ ಹೊತ್ತು, ಇಂಥ ಮನೆಗಳ ಮಕ್ಕಳನ್ನೂ ಸೇರಿಸಿಕೊಂಡು, ತರುಣರನ್ನು ಇಸ್ರೇಲ್ ನೋಡಲು ಕರೆದೊಯ್ಯತೊಡಗಿದರು. ಹಣದಿಂದ ನಂಟು ಬೆಳೆದೀತೇ ಎಂದು ಅಲ್ಲಿಯೂ ವಾದವುಂಟು. ಆ ವಾದವನ್ನು ಓದುವಾಗಲೆಲ್ಲ ನನ್ನ ನೆನಪು ಗದಗಿನ ಹತ್ತಿರದ ಮಲಸಮುದ್ರಕ್ಕೆ ಹೋಗುತ್ತದೆ.

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಕನ್ನಡದ ಎಂ.ಎ. ಮಾಡಿದ ನಮಗೆ ಅವರೆಂದರೆ 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ಕೋಶ. ಅವರ ಜಮಾಖರ್ಚಿನ ಪುಸ್ತಕಗಳ ಕಡೆ ನಾವು ಕಣ್ಣು ಹಾಯಿಸಿದವರಲ್ಲ. ಕಾಲಜ್ಞಾನದ ಮಾತುಗಳನ್ನು ನಂಬಿದ ಕೆಲವರು ಈ ಪಾದ್ರಿಗಳ ಬಳಿ ಬಂದು ಬೋಧೆ ಕೇಳಿದರು. ಜನ ತಂಡೋಪತಂಡವಾಗಿ ಸೇರುವರೆಂದು ಪಾದ್ರಿಗಳು ಹಿಗ್ಗಿ, ಅವರನ್ನು ಒಕ್ಕಲು ಕೂರಿಸಲು 1841ರಲ್ಲಿ ಮಲಸಮುದ್ರದಲ್ಲಿ ನೆಲೆಯೊಂದನ್ನು ಸಿದ್ಧಮಾಡಿದರು. ನೆಲ ಸಿಕ್ಕಿತು, ಹಣವೂ ವ್ಯಯವಾಯಿತು. ಬರುವೆವೆಂದವರು ಮಾತ್ರ ಬರಲಿಲ್ಲ. ರೊಟ್ಟಿಯ ಆಸೆಯೊಂದೇ ಜನರನ್ನು ಮತ ಬಿಡಿಸುವಂತಿದ್ದರೆ ಮಲಸಮುದ್ರ ತುಂಬಿ ತುಳುಕಬೇಕಾಗಿತ್ತಲ್ಲವೇ? ನಮ್ಮ ಹಿರಿಯರ ಗಾದೆಗೆ ನಮ್ಮ ನೆಲದಲ್ಲಿಯೇ ಇಂಥ ಉತ್ತರವಿತ್ತು.

ಮಂಗಳೂರಿನಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿ ಜನ ಮೊದಲು ಬಂದರು, ಕೆಲಸ ಆಮೇಲೆ ಹುಟ್ಟಿತು. ಸೇರಿದವರಲ್ಲಿ ಬಿಲ್ಲವರು ಹೆಚ್ಚು. ಶೇಂದಿ ಇಳಿಸುವ ಕಸುಬನ್ನು ಮಿಷನ್ ಒಪ್ಪದು. ಗೇಣಿಯ ಭೂಮಿಯಿಂದ ಧಣಿಗಳು ಎಬ್ಬಿಸುವರು. ಮನೆಯವರು ಹೊಸ್ತಿಲು ತುಳಿಯಗೊಡರು. ದೀಕ್ಷೆ ಪಡೆದ ಮರುದಿನ ಮನುಷ್ಯ ಬೀದಿಯಲ್ಲಿ ನಿಲ್ಲುತ್ತಿದ್ದ. ಅಂಥವರ ಕೈಗೆ ಕೆಲಸ ಕೊಡಬೇಕಾಗಿ ಬಂದುದರಿಂದಲೇ ಮಗ್ಗಗಳು ಎದ್ದವು. 1851ರಲ್ಲಿ ಬಂದ ಹಾಲರ್ ನೇಯ್ಗೆಯ ಕಾರಖಾನೆಯನ್ನು ಬೆಳೆಸಿದನು. ಖಾಕಿ ಬಣ್ಣದ ಬಟ್ಟೆಗೆ ಹೆಸರಾದದ್ದು ಅದೇ ಕಾರಖಾನೆ. 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರಖಾನೆ ತೆರೆದನು. ಇದರಲ್ಲೂ ತೊಡಕಿಲ್ಲದಿರಲಿಲ್ಲ. ಉಪದೇಶ ಮಾಡುವವನೂ ಪಗಾರ ಕೊಡುವವನೂ ಒಬ್ಬನೇ ಆದಾಗ, ಆಳು ತಲೆಯೆತ್ತಿ ಮಾತನಾಡುವುದು ಕಷ್ಟ. ಅದನ್ನು ನಾನು ಮುಚ್ಚಿಡಲಾರೆ. ಆದರೆ ಆ ದೋಷ ಕೊಟ್ಟವನ ಲೆಕ್ಕಕ್ಕೆ ಸೇರಬೇಕು. ನಾವು ಅದನ್ನು ತೆಗೆದುಕೊಂಡವನ ತಲೆಗೆ ಕಟ್ಟಿದೆವು.

ಕಳೆದುಕೊಂಡದ್ದು ಎಷ್ಟೆಂಬುದಕ್ಕೆ ಕಾಯಿದೆಗಳೇ ಸಾಕ್ಷಿ. ಮತ ಬಿಟ್ಟವನ ವಾರಸಾ ಹಕ್ಕು ಹೋಗಬಾರದೆಂದು 1850ರಲ್ಲಿ ಕಾಯಿದೆ ಮಾಡಬೇಕಾಯಿತೆಂದರೆ, ಅಲ್ಲಿಯವರೆಗೆ ಅದು ಹೋಗುತ್ತಿತ್ತೆಂದೇ ಅರ್ಥ. ಕ್ರೈಸ್ತರಾದವರನ್ನು ಆ ಕಾರಣಕ್ಕೆ ಗಂಡನೋ ಹೆಂಡತಿಯೋ ತೊರೆದರೆ ಏನು ಗತಿ ಎಂಬುದಕ್ಕೆ 1866ರಲ್ಲಿ ಮತ್ತೊಂದು ಕಾಯಿದೆ ಬಂತು. ತೊರೆದವರನ್ನು ನ್ಯಾಯಾಧೀಶ ಕರೆದು ಕೇಳಿ, ಯೋಚಿಸಲು ಒಂದು ವರ್ಷ ಕೊಡಬೇಕಿತ್ತು. ಆ ವರ್ಷ ಎರಡೂ ಮನೆಗಳಲ್ಲಿ ಹೇಗೆ ಕಳೆದೀತೆಂದು ಊಹಿಸಿರಿ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತನಾದಾಗ ಅವನ ಹೆಂಡತಿ ಜೊತೆಗೆ ಬರಲಿಲ್ಲ. ಬಾಸೆಲ್‌ನಲ್ಲಿ ಓದಿ ಪಾದ್ರಿಯಾಗಿ ಮರಳಿದ ಆತ 1860ರಲ್ಲಿ ಜರ್ಮನಿಯ ಹೆಣ್ಣನ್ನು ಮದುವೆಯಾದನು. ಮಂಗಳೂರಿನಲ್ಲಿ ಉಳಿದ ಆ ಮೊದಲ ಹೆಂಡತಿಯ ದುಃಖವನ್ನೂ ಈ ಲೆಕ್ಕದಲ್ಲಿ ಬರೆಯಬೇಕು. ಕೌಂಡಿನ್ಯ ರೊಟ್ಟಿಗಾಗಿ ಹೋದನೆಂದು ಯಾರೂ ಹೇಳಲಾರರು. ಉಳ್ಳವನಿಗೆ ನಂಬಿಕೆಯಿದೆಯೆಂದು ಒಪ್ಪುವ ನಾವು, ಇಲ್ಲದವನಿಗೆ ಹೊಟ್ಟೆಯೊಂದೇ ಇದೆಯೆಂದು ತೀರ್ಮಾನಿಸುತ್ತೇವೆ.

ದಾಸೋಹದ ಪಂಕ್ತಿಯಲ್ಲಿ ಉಂಡು ಬೆಳೆದ ನಾನಾದರೂ ಈ ಭೇದ ಮಾಡಬಾರದಾಗಿತ್ತು. ಉಂಡವನ ಭಕ್ತಿಯನ್ನು ನಮ್ಮ ಕಡೆ ಯಾರೂ ತೂಗಿ ನೋಡುವುದಿಲ್ಲ.

ತಿರ್ಲಾಪುರದ ಮಣ್ಣಿನ ಮಾಳಿಗೆಯಿಂದ ಬಂದ ನನಗೆ ವಸತಿಗೃಹದ ಹಂಚಿನ ಮಾಡು ಹೊಸದು. ಒಂದು ಮಳೆಗಾಲ ಒಡೆದು ಬಿದ್ದ ಹಂಚಿನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಅಂಕಿಯೂ ಅಚ್ಚೊತ್ತಿದ್ದುದನ್ನು ಓದಿದ್ದು ನೆನಪಿದೆ. ಆ ಮಾಡಿನ ಕೆಳಗೇ ನಾನು ಆ ಮಾತನ್ನಾಡಿದ್ದೆ. ತಿಂಗಳ ಕೊನೆಗೆ ಆ ಹುಡುಗ ಬೇರೆ ಕೋಣೆಗೆ ಹೋದ. ತಪ್ಪಾಯಿತೆಂದು ಹೇಳುವಷ್ಟು ತಿಳಿವು ನನಗೆ ಬಂದ ಹೊತ್ತಿಗೆ ಅವನ ವಿಳಾಸ ನನ್ನಲ್ಲಿರಲಿಲ್ಲ.