ತೋಳಿನ ಪಟ್ಟಿಯಲ್ಲಿ ದೊರೆಯ ಹೆಸರು

ಬಟ್ಟೆಯ ಅಂಚು ಇರುವುದು ಅಂದಕ್ಕೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಮಧ್ಯಯುಗದ ಅರಬ್ ಜಗತ್ತಿನಲ್ಲಿ ನಿಲುವಂಗಿಯ ತೋಳಿನ ಮೇಲಿನ ಒಂದು ಪಟ್ಟಿ, ತೊಟ್ಟವನು ಯಾವ ದೊರೆಯ ಕಡೆಯವನು ಎಂಬುದನ್ನು ಸಾರುತ್ತಿತ್ತು. ಆ ಪಟ್ಟಿಯೇ 'ತಿರಾಜ್'.

ಕಸೂತಿ ಎಂಬರ್ಥದ ಪರ್ಷಿಯನ್ ಪದದಿಂದ ಬಂದ ಈ ಹೆಸರು ಪಟ್ಟಿಗೂ ಅದನ್ನು ತಯಾರಿಸುವ ಕಾರ್ಖಾನೆಗೂ ಸಲ್ಲುತ್ತಿತ್ತು. ಈಜಿಪ್ಟಿನಲ್ಲಿ ಅಗಸೆ ನಾರಿನ ತೆಳುವಾದ ಹಾಸಿಗೆ ಬಣ್ಣದ ರೇಷ್ಮೆಯ ಹೊಕ್ಕು ಸೇರಿಸಿ ನೇಕಾರರು ಅಕ್ಷರ ಮೂಡಿಸುತ್ತಿದ್ದರು. ದೇವರ ಸ್ತುತಿ, ಖಲೀಫನ ಹೆಸರು, ಅವನಿಗೆ ಶುಭ ಹಾರೈಕೆ. ಹಲವು ವೇಳೆ ನೇಯ್ದ ಊರು ಮತ್ತು ವರ್ಷ ಕೂಡ ಅಲ್ಲಿರುತ್ತಿದ್ದವು. ನೈಲ್ ನದಿಯ ಮುಖಜ ಭೂಮಿಯ ತಿನ್ನಿಸ್ ಮತ್ತು ದಮಿಯೆಟ್ಟಾ ಪಟ್ಟಣಗಳು ಈ ನೇಯ್ಗೆಗೆ ಹೆಸರಾಗಿದ್ದವು.

ಖಲೀಫರು ಇಂಥ ಉಡುಪನ್ನು ಅಧಿಕಾರಿಗಳಿಗೆ ಗೌರವವಾಗಿ ಕೊಡುತ್ತಿದ್ದರು. ಅರಬ್ಬಿಯಲ್ಲಿ ಅದು 'ಖಿಲಾ'. ಮೈಸೂರು ಅರಮನೆಯ 'ಖಿಲ್ಲತ್ತು' ಎಂಬ ಮಾತಿನ ಮೂಲವೂ ಇದೇ. ನಾಣ್ಯದ ಮೇಲೆ, ಶುಕ್ರವಾರದ ಪ್ರವಚನದಲ್ಲಿ ಮತ್ತು ತಿರಾಜ್ ಪಟ್ಟಿಯಲ್ಲಿ ಹೆಸರಿರುವುದು ಆಳುವವನ ಹಕ್ಕು. ಹೀಗಾಗಿ ಪಟ್ಟಿಯಿಂದ ಹೆಸರು ತೆಗೆದರೆ ಅದು ಬಂಡಾಯ! ಖಲೀಫ ಹಾರೂನ್ ಅಲ್ ರಷೀದ್ 809ರಲ್ಲಿ ತೀರಿಕೊಂಡ ಮೇಲೆ ಅವನ ಮಕ್ಕಳಲ್ಲಿ ಜಗಳ ಹತ್ತಿತು. ಪೂರ್ವದ ಪ್ರಾಂತ್ಯವನ್ನು ಆಳುತ್ತಿದ್ದ ಅಲ್ ಮಾಮೂನ್, ಬಾಗ್ದಾದಿನಲ್ಲಿ ಖಲೀಫನಾಗಿದ್ದ ಸೋದರ ಅಲ್ ಅಮೀನನ ಹೆಸರನ್ನು ತಿರಾಜ್‌ನಿಂದ ಕೈಬಿಟ್ಟ. ಯುದ್ಧ ಆಮೇಲೆ ಬಂತು.

ಫ್ರಾನ್ಸಿನ ಆಪ್ಟ್ ಪಟ್ಟಣದ ಚರ್ಚಿನಲ್ಲಿ 'ಸಂತ ಆನಳ ಮುಸುಕು' ಎಂದು ಪೂಜ್ಯವಾಗಿ ಉಳಿದುಬಂದ ಬಟ್ಟೆಯೊಂದಿದೆ. ಮೇರಿಯ ತಾಯಿಯದೆಂದು ಭಕ್ತರು ನಂಬಿದ್ದ ಅದು ನಿಜಕ್ಕೂ 1096-97ರ ಸುಮಾರಿಗೆ ದಮಿಯೆಟ್ಟಾದಲ್ಲಿ ನೇಯ್ದ ಬಟ್ಟೆ. ಅದರಲ್ಲಿರುವುದು ಫಾತಿಮಿ ಖಲೀಫ ಅಲ್ ಮುಸ್ತಾಲಿ ಮತ್ತು ವಜೀರ ಅಲ್ ಅಫ್ದಲ್‌ನ ಹೆಸರುಗಳು. 1094ರಲ್ಲಿ ಹಿರಿಯ ಮಗ ನಿಜಾರನನ್ನು ಬದಿಗೊತ್ತಿ ಮುಸ್ತಾಲಿಯನ್ನು ಗದ್ದುಗೆಗೆ ಏರಿಸಿದವನು ಇದೇ ವಜೀರ. ಪ್ರತಿಭಟಿಸಿದ ನಿಜಾರ್ ಸೆರೆಸಿಕ್ಕಿ ಪ್ರಾಣ ತೆತ್ತ.

ಬಟ್ಟೆಯ ಮೇಲೆ ಉಳಿದದ್ದು ಗೆದ್ದವರ ಹೆಸರು. ಅದನ್ನು ನೇಯ್ದ ಕೈಗಳು ಯಾರವೆಂದು ಅಲ್ಲಿ ಬರೆದಿಲ್ಲ. ಆದರೂ ಫಾತಿಮಿ ಮನೆತನ 1171ರಲ್ಲಿ ಅಳಿದ ಮೇಲೂ ಆ ಹೆಸರುಗಳನ್ನು ಇಂದಿನವರೆಗೆ ಹಿಡಿದಿಟ್ಟಿರುವುದು ಆ ನೇಕಾರರು ಸೇರಿಸಿದ ಎಳೆಗಳೇ.