ಕಾಡ್ಗಿಚ್ಚಿನಿಂದ ಬೆಟ್ಟದ ಮನೆಯ ರಕ್ಷಣೆ: ಯಾರನ್ನು ನೇಮಿಸಬೇಕು, ಯಾವ ಕೆಲಸ ಮೊದಲು?

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2018ರ ನವೆಂಬರ್ 8ರಂದು ಹೊತ್ತಿಕೊಂಡ 'ಕ್ಯಾಂಪ್ ಫೈರ್' ಎಂಬ ಕಾಡ್ಗಿಚ್ಚು, ಸಿಯೆರಾ ನೆವಾಡಾ ಪರ್ವತಶ್ರೇಣಿಯ ತಪ್ಪಲಿನ ಪ್ಯಾರಡೈಸ್ ಪಟ್ಟಣವನ್ನು ಬಹುತೇಕ ಬೂದಿ ಮಾಡಿತು. 85 ಮಂದಿ ಪ್ರಾಣ ಕಳೆದುಕೊಂಡರು. 18 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಆದರೆ ಆ ಬೂದಿಯ ನಡುವೆಯೂ ಅಲ್ಲಲ್ಲಿ ಕೆಲವು ಮನೆಗಳು ಉಳಿದುಕೊಂಡವು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 1997ಕ್ಕೆ ಮುಂಚೆ ಕಟ್ಟಿದ ಮನೆಗಳಲ್ಲಿ ಶೇ 11.5ರಷ್ಟು ಮಾತ್ರ ಉಳಿದರೆ, ಆ ವರ್ಷ ಹಾಗೂ ನಂತರ ಕಟ್ಟಿದವುಗಳಲ್ಲಿ ಶೇ 38.5ರಷ್ಟು ಉಳಿದವು. ಮನೆಯ ಉಳಿವು ಕೇವಲ ಅದೃಷ್ಟದ ಮಾತಲ್ಲ ಎಂಬುದನ್ನು ಈ ವ್ಯತ್ಯಾಸ ಸ್ಪಷ್ಟಪಡಿಸುತ್ತದೆ.

ಉದ್ಯೋಗ ನಿಮಿತ್ತ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೂ, ಇಲ್ಲಿರುವ ಅವರ ಬಂಧುಗಳಿಗೂ ಇದು ದೂರದ ಸುದ್ದಿಯಲ್ಲ. ಬೆಟ್ಟದ ಅಂಚಿನಲ್ಲಿ ಮನೆ ಹೊಂದಿರುವವರು ಅದರ ರಕ್ಷಣೆಗಾಗಿ ತಜ್ಞರನ್ನು ನೇಮಿಸಿಕೊಳ್ಳುವುದು ಅಲ್ಲಿ ಸಾಮಾನ್ಯ. ಹಣ ಯಾವ ಕೆಲಸಕ್ಕೆ ಮೊದಲು ಹೋಗಬೇಕು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮನೆ ಹೊತ್ತಿಕೊಳ್ಳುವುದು ಹೇಗೆ?

ಬೆಂಕಿಯ ಜ್ವಾಲೆ ಗೋಡೆಯಂತೆ ಎದ್ದುಬಂದು ಮನೆಯನ್ನು ನುಂಗುತ್ತದೆ ಎಂಬುದು ಜನರಲ್ಲಿರುವ ಸಾಮಾನ್ಯ ಕಲ್ಪನೆ. ವಾಸ್ತವದಲ್ಲಿ ಹೆಚ್ಚಿನ ಮನೆಗಳನ್ನು ಸುಡುವುದು ಗಾಳಿಯಲ್ಲಿ ತೇಲಿಬರುವ ಕೆಂಡದ ಕಿಡಿಗಳು ಮತ್ತು ಆ ಕಿಡಿಗಳಿಂದ ಮನೆಯ ಸಮೀಪವೇ ಹುಟ್ಟುವ ಸಣ್ಣ ಬೆಂಕಿ. ಬಲವಾದ ಗಾಳಿಯಿದ್ದರೆ ಕಿಡಿಗಳು ಒಂದು ಮೈಲಿಗೂ ಹೆಚ್ಚು ದೂರ ಹಾರಬಲ್ಲವು. ಬೇಸಿಗೆಗೆ ಮುನ್ನ ನಮ್ಮ ಅರಣ್ಯ ಇಲಾಖೆ ಕಾಡಿನಲ್ಲಿ ನಿರ್ಮಿಸುವ ಬೆಂಕಿ ರೇಖೆ ನೆಲದ ಮೇಲೆ ಹರಿಯುವ ಬೆಂಕಿಯನ್ನು ತಡೆಯುತ್ತದೆ. ಹಾರುವ ಕಿಡಿಯನ್ನು ತಡೆಯಲಾರದು.

ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿಯಾಗಿದ್ದ ಜ್ಯಾಕ್ ಕೊಹೆನ್ 1990ರ ದಶಕದ ಕೊನೆಯಲ್ಲಿ ಕೆನಡಾದ ಕಾಡಿನಲ್ಲಿ ನಡೆದ ಪ್ರಯೋಗಗಳಲ್ಲಿ ಈ ವಿಷಯವನ್ನು ಪರೀಕ್ಷಿಸಿದರು. ಮರಗಳ ತುದಿಯವರೆಗೆ ಉರಿಯುವ ಭಾರೀ ಬೆಂಕಿಯೆದುರು 10 ಮೀಟರ್ ದೂರದಲ್ಲಿ ನಿಲ್ಲಿಸಿದ್ದ ಮರದ ಗೋಡೆಗಳಲ್ಲಿ ಕೆಲವು ಹೊತ್ತಿಕೊಂಡವು. 30 ಮೀಟರ್ ದೂರದಲ್ಲಿದ್ದವು ಹೊತ್ತಿಕೊಳ್ಳಲಿಲ್ಲ. ಅಂದರೆ ಮನೆಯ ಭವಿಷ್ಯ ನಿರ್ಧಾರವಾಗುವುದು ಮನೆ ಮತ್ತು ಅದರ ಸುತ್ತಲಿನ ಸುಮಾರು 100 ಅಡಿಯೊಳಗೆ.

ಮೂರು ವಲಯಗಳು

ಕ್ಯಾಲಿಫೋರ್ನಿಯಾದಲ್ಲಿ ಮನೆಯ ಸುತ್ತಲಿನ ಈ 100 ಅಡಿಯನ್ನು ಮೂರು ವಲಯಗಳಾಗಿ ವಿಂಗಡಿಸಲಾಗಿದೆ. ಗೋಡೆಯಿಂದ 5 ಅಡಿಯವರೆಗಿನದು ಶೂನ್ಯ ವಲಯ. ಇದಕ್ಕೆ 2020ರ ಕಾನೂನು ಆಧಾರ. ಇಲ್ಲಿ ಒಣ ಎಲೆ, ಗಿಡದ ಬುಡಕ್ಕೆ ಹಾಸುವ ಮರದ ಚಕ್ಕೆ, ಸೌದೆ ರಾಶಿ, ಗೋಡೆಗೆ ತಾಗುವ ಮರದ ಬೇಲಿ ಮುಂತಾದ ಉರಿಯುವ ವಸ್ತು ಇರಬಾರದು ಎಂಬುದು ಮೂಲ ಆಶಯ. 5ರಿಂದ 30 ಅಡಿಯವರೆಗೆ ಒಣಗಿದ ಗಿಡ, ಹುಲ್ಲನ್ನು ತೆಗೆದು ಕೊಂಬೆಗಳನ್ನು ಸವರಬೇಕು. ಚಿಮಣಿಯಿಂದ ಕನಿಷ್ಠ 10 ಅಡಿ ಅಂತರದಲ್ಲಿ ಕೊಂಬೆಗಳಿರಬಾರದು. 30ರಿಂದ 100 ಅಡಿಯವರೆಗೆ ಹುಲ್ಲು 4 ಅಂಗುಲ ಮೀರದಂತೆ ನೋಡಿಕೊಂಡು, ಮರಗಳ ನಡುವೆ ಅಂತರ ಬಿಡಬೇಕು. ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ವೇಗವಾಗಿ ಏರುವುದರಿಂದ ಈ ಅಂತರ ಇನ್ನೂ ಹೆಚ್ಚಿರಬೇಕು.

ಯಾವ ಕೆಲಸಕ್ಕೆ ಯಾರು?

ಪರಿಶೀಲನೆ: ಹಣ ಖರ್ಚು ಮಾಡುವ ಮುನ್ನ ಮನೆಯ ತಪಾಸಣೆಯಾಗಬೇಕು. ರಾಜ್ಯದ ಅಗ್ನಿಶಾಮಕ ಹಾಗೂ ಅರಣ್ಯ ಇಲಾಖೆಯಾದ 'ಕ್ಯಾಲ್ ಫೈರ್' ತನ್ನ ವ್ಯಾಪ್ತಿಯಲ್ಲಿ ಮನೆ ಸುತ್ತಲಿನ ಜಾಗದ ತಪಾಸಣೆಯನ್ನು ಉಚಿತವಾಗಿ ಮಾಡುತ್ತದೆ. ಅದರ ವರದಿಯನ್ನು ಕೈಯಲ್ಲಿಟ್ಟುಕೊಂಡೇ ಗುತ್ತಿಗೆದಾರರನ್ನು ಕರೆಯುವುದು ಲೇಸು.

ಕಟ್ಟಡ: ಸೂರಿನ ಕೆಲಸಕ್ಕೆ ಸೂರಿನ ಪರವಾನಗಿಯುಳ್ಳ ಗುತ್ತಿಗೆದಾರರೇ ಬೇಕು. ಮರದ ಹಲಗೆಯ ಸೂರಿದ್ದರೆ ಅದನ್ನು ಬದಲಿಸುವುದು ಮೊದಲ ಆದ್ಯತೆ. ಅಟ್ಟದ ಗಾಳಿಕಿಂಡಿಗಳ ಮೂಲಕ ಕಿಡಿಗಳು ಒಳನುಗ್ಗುವುದರಿಂದ, 1/8 ಅಂಗುಲ ಅಥವಾ ಅದಕ್ಕಿಂತ ಸಣ್ಣ ಕಣ್ಣಿನ ಲೋಹದ ಜಾಲರಿ ಅಳವಡಿಸಬೇಕು. ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ತರಗೆಲೆ ನಿಲ್ಲಬಾರದು. ಅಪಾಯದ ಪ್ರದೇಶಗಳ ಹೊಸ ಮನೆಗಳಿಗೆ 2008ರಿಂದ ಪ್ರತ್ಯೇಕ ಕಟ್ಟಡ ನಿಯಮಗಳಿವೆ. ಹಳೆಯ ಮನೆಗಳ ಮಾಲೀಕರು ಅವನ್ನೇ ಮಾದರಿಯಾಗಿ ಅನುಸರಿಸಬಹುದು.

ಮರಗಳು: ಯಾವ ಮರ ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬುದನ್ನು ಪ್ರಮಾಣಪತ್ರ ಪಡೆದ ವೃಕ್ಷತಜ್ಞರು ಹೇಳಬಲ್ಲರು. ವಿಸ್ತಾರವಾದ ಕಾಡುಜಮೀನು ಇದ್ದಲ್ಲಿ ನೋಂದಾಯಿತ ವೃತ್ತಿಪರ ಅರಣ್ಯತಜ್ಞರ ಸಲಹೆ ಪಡೆಯುವುದು ಸೂಕ್ತ.

ಒಪ್ಪಂದಕ್ಕೆ ಮುನ್ನ

2025ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಸಾವಿರ ಡಾಲರ್ ಅಥವಾ ಹೆಚ್ಚು ಮೊತ್ತದ ಕೆಲಸಕ್ಕೆ ಗುತ್ತಿಗೆದಾರರಿಗೆ ರಾಜ್ಯದ ಪರವಾನಗಿ ಇರಲೇಬೇಕು. ಪರವಾನಗಿ ಸಂಖ್ಯೆಯನ್ನು ರಾಜ್ಯ ಮಂಡಳಿಯ ಅಂತರ್ಜಾಲ ತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಮನೆ ಸುಧಾರಣೆಯ ಒಪ್ಪಂದದಲ್ಲಿ ಮುಂಗಡವು ಒಟ್ಟು ಮೊತ್ತದ ಶೇ 10 ಅಥವಾ ಸಾವಿರ ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರುವಂತಿಲ್ಲ. ಅದಕ್ಕಿಂತ ಹೆಚ್ಚು ಕೇಳುವವರ ಬಗ್ಗೆ ಎಚ್ಚರ ಅಗತ್ಯ. ಕಾರ್ಮಿಕರ ಪರಿಹಾರ ವಿಮೆಯ ದಾಖಲೆಯನ್ನೂ ಕೇಳಬೇಕು. ಕಡಿದ ಕೊಂಬೆ, ಸೊಪ್ಪನ್ನು ಸಾಗಿಸುವ ಹೊಣೆ ಯಾರದು ಎಂಬುದು ಒಪ್ಪಂದದಲ್ಲಿ ಲಿಖಿತವಾಗಿರಬೇಕು. ಕಡಿದು ಅಂಗಳದಲ್ಲೇ ರಾಶಿ ಹಾಕಿದ ಸೊಪ್ಪು ಒಣಗಿದರೆ ಅದೇ ಇಂಧನ. ಹುಲ್ಲು ಕತ್ತರಿಸುವ ಯಂತ್ರದ ಅಲಗು ಕಲ್ಲಿಗೆ ತಗುಲಿದರೂ ಕಿಡಿ ಹಾರುತ್ತದೆ. ಆದ್ದರಿಂದ ಒಣಹವೆಯ ದಿನಗಳಲ್ಲಿ ಬೆಳಗಿನ 10 ಗಂಟೆಯೊಳಗೆ ಈ ಕೆಲಸ ಮುಗಿಸುವಂತೆ ಸೂಚಿಸಬೇಕು.

ಮನೆ ಕೊಳ್ಳುವವರಿಗೂ ಒಂದು ಸೂಚನೆ: ಹೆಚ್ಚಿನ ಅಪಾಯದ ವಲಯಗಳಲ್ಲಿ ಮನೆ ಮಾರುವವರು ಸುತ್ತಲಿನ ಜಾಗ ನಿಯಮದಂತಿದೆ ಎಂಬುದಕ್ಕೆ ಸಂಬಂಧಿಸಿದ ದಾಖಲೆ ಒದಗಿಸಬೇಕೆಂಬ ನಿಯಮ 2021ರ ಜುಲೈನಿಂದ ಜಾರಿಯಲ್ಲಿದೆ. ಇಂಥ ಸುರಕ್ಷತಾ ಕ್ರಮಗಳಿಗೆ ವಿಮಾ ಕಂಪನಿಗಳು ರಿಯಾಯಿತಿ ನೀಡಬೇಕೆಂಬ ನಿಯಮ 2022ರಲ್ಲಿ ಬಂದಿದೆ. ಕೆಲಸದ ಮುನ್ನ ಮತ್ತು ನಂತರದ ಛಾಯಾಚಿತ್ರ, ರಸೀದಿಗಳನ್ನು ಜೋಪಾನವಾಗಿಡುವುದು ಈ ಕಾರಣಕ್ಕೂ ಉಪಯುಕ್ತ.

ಖಾಸಗಿ ಅಗ್ನಿಶಾಮಕ ತಂಡಗಳು

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಪ್ರದೇಶದ ಪ್ಯಾಲಿಸೇಡ್ಸ್ ಮತ್ತು ಈಟನ್ ಕಾಡ್ಗಿಚ್ಚುಗಳಲ್ಲಿ 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಸಿರಿವಂತರು ನೇಮಿಸಿಕೊಂಡ ಖಾಸಗಿ ಅಗ್ನಿಶಾಮಕ ತಂಡಗಳು ಆಗ ತೀವ್ರ ಚರ್ಚೆಗೆ ಒಳಗಾದವು. 2018ರ ಕಾನೂನು ಇಂಥ ತಂಡಗಳಿಗೆ ಕಟ್ಟುಪಾಡು ವಿಧಿಸಿದೆ. ಅವು ತುರ್ತು ಸೇವೆಯ ದೀಪ, ಸೈರನ್ ಬಳಸುವಂತಿಲ್ಲ. ಎಷ್ಟೇ ಹಣ ತೆತ್ತರೂ, ಮನೆ ತೆರವು ಮಾಡುವಂತೆ ಆದೇಶ ಬಂದಾಗ ಅಲ್ಲೇ ಉಳಿಯಲು ಈ ತಂಡಗಳ ಭರವಸೆ ಕಾರಣವಾಗಬಾರದು.

ನೂರಕ್ಕೆ ನೂರರಷ್ಟು ರಕ್ಷಣೆಯ ಖಾತರಿಯನ್ನು ಯಾವ ತಜ್ಞರೂ ಕೊಡಲಾರರು. ಪಕ್ಕದ ಮನೆ ಹೊತ್ತಿಕೊಂಡರೆ ಅದರ ಬಿಸಿಯೇ ನಮ್ಮ ಮನೆಗೆ ಕುತ್ತಾಗಬಹುದು. ಹೀಗಾಗಿ ನೆರೆಹೊರೆಯವರು ಒಟ್ಟಾಗಿ ಕೆಲಸ ಮಾಡಿಸಿದರೆ ಫಲ ಹೆಚ್ಚು. ದೂರದ ಮರಗಳನ್ನು ಉರುಳಿಸಲು ಸಾವಿರಾರು ಡಾಲರ್ ಸುರಿದು, ಗೋಡೆಯ ಬುಡದ ತರಗೆಲೆಯನ್ನು ಹಾಗೇ ಬಿಟ್ಟರೆ ಖರ್ಚೆಲ್ಲ ವ್ಯರ್ಥ. ಸೂರು, ಗಾಳಿಕಿಂಡಿ, ಗೋಡೆಯಿಂದ 5 ಅಡಿ, ಆಮೇಲೆ ಹೊರಗಿನ ಜಾಗ: ಈ ಅನುಕ್ರಮದಲ್ಲಿ ಕೆಲಸ ಸಾಗಬೇಕು ಮತ್ತು ಪ್ರತಿವರ್ಷ ಬೇಸಿಗೆಗೆ ಮುನ್ನ ಅದನ್ನು ಮತ್ತೆ ಮಾಡಿಸಬೇಕು.